ಬೆಟ್ಟಕ್ಕೊಂದು ಗೊಂಡೋಲಾ: ಸ್ಕ್ವಾಮಿಶ್ ಪಟ್ಟಣದಲ್ಲಿ ನಡೆದ ಚರ್ಚೆ

ಜನರು ತಮ್ಮ ಕಾಲಿನ ಬಲವನ್ನೂ ಕೈಯ ಹಿಡಿತವನ್ನೂ ನಂಬಿ ಹತ್ತುತ್ತ ಬಂದ ಬೆಟ್ಟವೊಂದರ ನೆತ್ತಿಗೆ ಯಂತ್ರದ ದಾರಿ ಹಾಕಬೇಕೇ ಬೇಡವೇ ಎಂಬ ಪ್ರಶ್ನೆ ಕಳೆದ ಕೆಲವು ದಶಕಗಳಲ್ಲಿ ಜಗತ್ತಿನ ಹಲವು ಊರುಗಳನ್ನು ಕಾಡಿದೆ. ಬಹುಪಾಲು ಕಡೆಗಳಲ್ಲಿ ಈ ಪ್ರಶ್ನೆ ಒಂದೇ ಸಲಕ್ಕೆ ಇತ್ಯರ್ಥವಾಗಿ, ಯೋಜನೆಯು ಒಂದೋ ಕೈಗೂಡುತ್ತದೆ, ಇಲ್ಲವೇ ಕಡತ ಸೇರುತ್ತದೆ. ಆದರೆ ಕೆನಡಾ ದೇಶದ ಪಶ್ಚಿಮ ತೀರದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿರುವ ಸ್ಕ್ವಾಮಿಶ್ ಎಂಬ ಸಣ್ಣ ಪಟ್ಟಣದಲ್ಲಿ ಇದೇ ಪ್ರಶ್ನೆ ಹತ್ತು ವರ್ಷಗಳ ಒಳಗೆ ಎರಡು ಬಾರಿ ಎದ್ದು, ಮೊದಲ ಸಲ ‘ಬೇಡ’ ಎಂಬ ಉತ್ತರವನ್ನೂ ಎರಡನೆಯ ಸಲ ‘ಆಗಬಹುದು’ ಎಂಬ ಉತ್ತರವನ್ನೂ ಪಡೆಯಿತು. ಆ ಎರಡು ಉತ್ತರಗಳ ನಡುವೆ ಬದಲಾದದ್ದು ಯಾವುದು, ಬದಲಾಗಬಾರದಿದ್ದದ್ದು ಯಾವುದು ಎಂಬುದನ್ನು ಬಿಡಿಸಿ ನೋಡಿದರೆ, ಬೆಟ್ಟ ಮತ್ತು ಪ್ರವಾಸೋದ್ಯಮದ ಕುರಿತ ವಾದಗಳು ಸಾಮಾನ್ಯವಾಗಿ ಎಲ್ಲಿ ದಾರಿ ತಪ್ಪುತ್ತವೆ ಎಂಬುದು ತಿಳಿಯುತ್ತದೆ.

ಕನ್ನಡದ ಪತ್ರಿಕೆಗಳು ರೋಪ್‌ವೇ ಎಂದು ಕರೆಯುವ ತಂತಿಹಗ್ಗದ ದಾರಿಗಳಲ್ಲಿ ಹಲವು ಬಗೆಗಳಿವೆ. ಅವುಗಳಲ್ಲಿ ಒಂದರಲ್ಲಿ, ಎರಡು ದೊಡ್ಡ ಪೆಟ್ಟಿಗೆಗಳು ಬಿಗಿದು ಕಟ್ಟಿದ ಹಗ್ಗಗಳ ಮೇಲೆ ಒಂದು ಏರುವಾಗ ಇನ್ನೊಂದು ಇಳಿಯುತ್ತ, ಬಾವಿಯ ರಾಟೆಗೆ ಕಟ್ಟಿದ ಎರಡು ಕೊಡಗಳಂತೆ ಚಲಿಸುತ್ತವೆ. ಗೊಂಡೋಲಾ ಎಂಬುದು ಇದಕ್ಕಿಂತ ಬೇರೆಯದು. ಅದರಲ್ಲಿ ನೂರಾರು ಉಕ್ಕಿನ ಎಳೆಗಳನ್ನು ಹೊಸೆದು ಮಾಡಿದ ಒಂದೇ ಹಗ್ಗದ ತುದಿಗಳನ್ನು ಹೆಣೆದು ಕೂಡಿಸಿ, ಕೆಳಗಿನ ನಿಲ್ದಾಣದಿಂದ ಮೇಲಿನ ನಿಲ್ದಾಣಕ್ಕೂ ಅಲ್ಲಿಂದ ಮರಳಿ ಕೆಳಕ್ಕೂ ನಿಲ್ಲದೆ ಸುತ್ತುವಂತೆ ಮಾಡಲಾಗುತ್ತದೆ. ಎಂಟು-ಹತ್ತು ಜನ ಕೂರುವ ಸಣ್ಣ ಕ್ಯಾಬಿನ್‌ಗಳು ಈ ಹಗ್ಗವನ್ನು ಹಿಡಿಕೆಗಳ ಮೂಲಕ ಕಚ್ಚಿಕೊಂಡು ಸಾಗಿ, ನಿಲ್ದಾಣ ತಲುಪಿದಾಗ ಹಿಡಿತ ಸಡಿಲಿಸಿ ನಿಧಾನವಾಗಿ ತಿರುಗುತ್ತವೆ, ಜನರು ಹತ್ತಿ ಇಳಿದ ಮೇಲೆ ಮತ್ತೆ ಹಗ್ಗವನ್ನು ಕಚ್ಚುತ್ತವೆ. ಹಗ್ಗ ಒಂದು ಕ್ಷಣವೂ ನಿಲ್ಲಬೇಕಾಗಿಲ್ಲದ ಕಾರಣ ಇದು ಗಂಟೆಗೆ ಬಹಳ ಜನರನ್ನು ಸಾಗಿಸಬಲ್ಲದು. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ 1998ರಿಂದ ಓಡುತ್ತಿರುವ ಗೊಂಡೋಲಾ ಇದೇ ಜಾತಿಯದು. ಗೊಂಡೋಲಾದ ಈ ಸಾಮರ್ಥ್ಯ, ಅಂದರೆ ಗಂಟೆಗೆ ಇಷ್ಟು ಜನ ಎಂಬ ಲೆಕ್ಕ, ಮುಂದೆ ಚರ್ಚೆಯ ತಿರುಳಿಗೆ ಬರುವುದರಿಂದ ಇದನ್ನು ಆರಂಭದಲ್ಲೇ ಗಮನಿಸುವುದು ಅಗತ್ಯ.

ವ್ಯಾಂಕೂವರ್ ಮಹಾನಗರದಿಂದ ಉತ್ತರಕ್ಕೆ ಸುಮಾರು 65 ಕಿಲೋಮೀಟರ್ ದೂರದಲ್ಲಿ, ಹಿಮನದಿ ಕೊರೆದ ಆಳವಾದ ಕಣಿವೆಗೆ ಸಮುದ್ರ ನುಗ್ಗಿ ಉಂಟಾದ ಹೌ ಸೌಂಡ್ ಎಂಬ ಕೊಲ್ಲಿಯ ಕೊನೆಯಲ್ಲಿ ಸ್ಕ್ವಾಮಿಶ್ ಇದೆ. ಪಟ್ಟಣದ ಅಂಚಿನಲ್ಲಿ, ಹೆದ್ದಾರಿಯ ಪಕ್ಕದಿಂದಲೇ ನೆಟ್ಟಗೆ ಮೇಲೇಳುವ ಬರಿಯ ಬಂಡೆಯ ಬೆಟ್ಟವೇ ಸ್ಟಾವಾಮಸ್ ಚೀಫ್. ಮೂರು ಶಿಖರಗಳುಳ್ಳ ಈ ಬೆಟ್ಟದ ಅತ್ಯುನ್ನತ ಭಾಗ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರವಿದೆ. ಸಂಖ್ಯೆಯಲ್ಲಿ ಇದು ದೊಡ್ಡದಲ್ಲ. ನಂದಿಬೆಟ್ಟದ ನೆತ್ತಿ ಇದಕ್ಕೆ ಎರಡರಷ್ಟು ಎತ್ತರದಲ್ಲಿದೆ. ಆದರೆ ನಂದಿಯ ಬುಡವೇ ಪ್ರಸ್ಥಭೂಮಿಯ ಮೇಲಿದ್ದರೆ, ಚೀಫ್ ಬೆಟ್ಟದ ಬುಡ ಇರುವುದು ಕಡಲ ಮಟ್ಟದಲ್ಲಿ, ಹಾಗಾಗಿ ಅದರ ಇಡೀ ಎತ್ತರ ಒಂದೇ ನೋಟಕ್ಕೆ ಸಿಗುತ್ತದೆ. ಗ್ರಾನೈಟ್ ಬಳಗಕ್ಕೆ ಸೇರಿದ ಗ್ರ್ಯಾನೊಡಯೊರೈಟ್ ಎಂಬ ಶಿಲೆಯಿಂದಾದ ಈ ಬೆಟ್ಟದ ವಯಸ್ಸು ಸುಮಾರು ಹತ್ತು ಕೋಟಿ ವರ್ಷ. ರಾಮನಗರದ ಹಳೆಯ ಹೆಸರನ್ನು ಹೊತ್ತ ಕ್ಲೋಸ್‌ಪೇಟೆ ಗ್ರಾನೈಟ್ ಶಿಲೆಗೆ ಸುಮಾರು 250 ಕೋಟಿ ವರ್ಷ ಆಗಿರುವುದನ್ನು ನೆನೆದರೆ ಚೀಫ್ ಬಂಡೆ ತೀರ ಎಳೆಯದೆಂದೇ ಹೇಳಬೇಕು. ಭೂಮಿಯ ಆಳದಲ್ಲಿ ಶಿಲಾರಸ ಆರಿ ಗಟ್ಟಿಯಾದ ಈ ರಾಶಿಯ ಮೇಲಿನ ಹೊದಿಕೆ ಸವೆದು, ಕೊನೆಯ ಹಿಮಯುಗದ ಹಿಮರಾಶಿ ಅದನ್ನು ಉಜ್ಜಿ ನುಣುಪಾಗಿಸಿ, ಸುಮಾರು ಹತ್ತು-ಹನ್ನೆರಡು ಸಾವಿರ ವರ್ಷಗಳ ಹಿಂದೆ ಕರಗಿ ಹಿಂದೆ ಸರಿದಾಗ ಇಂದಿನ ಕಡಿದಾದ ಗೋಡೆಗಳು ಬಯಲಾದವು.

ಈ ನೆಲದ ಮೂಲನಿವಾಸಿಗಳಾದ ಸ್ಕ್ವಾಮಿಶ್ ಜನರ ಒಂದು ಹಳ್ಳಿ ಇಂದಿಗೂ ಬೆಟ್ಟದ ತಪ್ಪಲಿನಲ್ಲೇ ಇದೆ. ಅವರ ಪರಂಪರೆಯಲ್ಲಿ ಚೀಫ್ ಬೆಟ್ಟವು ಪವಿತ್ರವಾದದ್ದು. ಅವರ ಪುರಾಣದ ಪ್ರಕಾರ ರೂಪಾಂತರ ಮಾಡುವ ಶಕ್ತಿಯುಳ್ಳ ಸೋದರರು ಒಂದು ಉದ್ದನೆಯ ಕೂಡುಮನೆಯನ್ನೇ ಕಲ್ಲಾಗಿಸಿದರು, ಅದೇ ಈ ಬೆಟ್ಟ. ಬಂಡೆಯ ಮುಖದಲ್ಲಿ ಬುಡದಿಂದ ಮೇಲಕ್ಕೆ ಹರಿದಿರುವ ಕಪ್ಪು ಪಟ್ಟೆ ಎರಡು ತಲೆಯ ಕಡಲಸರ್ಪ ತೆವಳಿಹೋದ ಗುರುತು. ಭೂವಿಜ್ಞಾನ ಅದೇ ಪಟ್ಟೆಯನ್ನು ಡೈಕ್ ಎನ್ನುತ್ತದೆ, ಅಂದರೆ ಹಳೆಯ ಬಂಡೆಯ ಬಿರುಕಿನೊಳಗೆ ಆಮೇಲೆ ನುಗ್ಗಿ ಗಟ್ಟಿಯಾದ ಕಪ್ಪು ಶಿಲೆಯ ಗೋಡೆ. ಈ ಎರಡು ವಿವರಣೆಗಳಲ್ಲಿ ಒಂದು ಸಾವಿರಾರು ವರ್ಷ ಬುಡದಲ್ಲಿ ಬಾಳಿದವರದು, ಇನ್ನೊಂದು ಪರಿಶೀಲಿಸಿ ಅರಿತವರದು. ಬೆಟ್ಟದ ಮೇಲೆ ಏನನ್ನಾದರೂ ಕಟ್ಟುವ ಮಾತು ಬಂದಾಗ ಎರಡನ್ನೂ ಕೇಳಬೇಕಾದ್ದು ನ್ಯಾಯ.

ಶಿಲಾರೋಹಣ, ಎಂದರೆ ಕಡಿದಾದ ಬಂಡೆಯನ್ನು ಹಗ್ಗದ ರಕ್ಷಣೆಯೊಂದಿಗೆ ಹತ್ತುವ ಕಲೆ, ಇಲ್ಲಿ ಜಗತ್ತಿಗೆ ತಿಳಿದದ್ದು 1961ರಲ್ಲಿ. ಆ ವರ್ಷ ಎಡ್ ಕೂಪರ್ ಮತ್ತು ಜಿಮ್ ಬಾಲ್ಡ್ವಿನ್ ಎಂಬ ಇಬ್ಬರು ಯುವಕರು ಬೆಟ್ಟದ ನಡುಗೋಡೆಯಾದ ಗ್ರ್ಯಾಂಡ್ ವಾಲ್ ಅನ್ನು ವಾರಗಟ್ಟಲೆ ಶ್ರಮಿಸಿ ಹತ್ತಿದರು. ಬಂಡೆಗೆ ಕೈಯಿಂದಲೇ ರಂಧ್ರ ಕೊರೆದು, ಬೋಲ್ಟ್ ಹೊಡೆದು, ಅದಕ್ಕೆ ತೂಗುಹಾಕಿಕೊಂಡು ಮೇಲೇರುವ ಅವರ ಕೆಲಸವನ್ನು ನೋಡಲು ಕೆಳಗಿನ ರಸ್ತೆಯಲ್ಲಿ ಕಾರುಗಳು ಸಾಲುಗಟ್ಟಿ ನಿಂತವು. ಮುಂದಿನ ತಲೆಮಾರಿನವರು ಬೋಲ್ಟಿಗೆ ಜೋತುಬೀಳುವುದನ್ನು ಬಿಟ್ಟು, ಬೆರಳು ಮತ್ತು ಪಾದಗಳನ್ನು ಬಂಡೆಯ ಸೀಳುಗಳಲ್ಲೇ ಸಿಕ್ಕಿಸಿ ಏರುವ, ಹಗ್ಗವನ್ನು ಬಿದ್ದರೆ ಮಾತ್ರ ತಡೆಯಲೆಂದು ಇಟ್ಟುಕೊಳ್ಳುವ ಕ್ರಮವನ್ನು ಬೆಳೆಸಿದರು. ಕ್ರಮೇಣ ಇಡೀ ಪಟ್ಟಣದ ಗುರುತೇ ಈ ಬಂಡೆಯಾಯಿತು. 1997ರಲ್ಲಿ ಬೆಟ್ಟವನ್ನು ಪ್ರಾಂತೀಯ ಉದ್ಯಾನವೆಂದು ಘೋಷಿಸಲಾಯಿತು. ಅಂದಿನಿಂದ ಬಂಡೆಯ ಕೆಲವು ಭಾಗಗಳನ್ನು ಪ್ರತಿ ವಸಂತದಲ್ಲಿ, ಪೆರೆಗ್ರೀನ್ ಡೇಗೆಗಳು ಗೂಡು ಕಟ್ಟಿ ಮರಿ ಮಾಡುವ ತಿಂಗಳುಗಳಲ್ಲಿ, ಶಿಲಾರೋಹಿಗಳಿಗೆ ಮುಚ್ಚುವ ಪದ್ಧತಿ ನಡೆದುಬಂದಿದೆ. ಬೆಟ್ಟದ ಹಿಂಬದಿಯಿಂದ ಮೂರು ಶಿಖರಗಳಿಗೂ ಕಾಲುದಾರಿ ಇದೆ, ಆದರೆ ಅದು ಮೆಟ್ಟಿಲುಗಳಿಂದ ತುಂಬಿದ ಕಡಿದಾದ ದಾರಿ. ಮೇಲಿನ ಭಾಗದಲ್ಲಿ ಏಣಿಗಳನ್ನೂ ಬಂಡೆಗೆ ಬಿಗಿದ ಸರಪಳಿಗಳನ್ನೂ ಹಿಡಿದು ಏರಬೇಕು.

ಪಟ್ಟಣದ ಹೊಟ್ಟೆಪಾಡು ಮಾತ್ರ ಬಹುಕಾಲ ಬಂಡೆಯಿಂದ ನಡೆದದ್ದಲ್ಲ, ಕಾಡಿನಿಂದ. ಮರ ಕಡಿಯುವುದು, ಸಾಗಿಸುವುದು, ತಿರುಳು ಮಾಡುವುದು ಇಲ್ಲಿನ ಮುಖ್ಯ ಉದ್ಯೋಗಗಳು. ಕೊಲ್ಲಿಯ ಆಚೆ ದಡದಲ್ಲಿ 1912ರಿಂದ ನಡೆಯುತ್ತಿದ್ದ ವುಡ್‌ಫೈಬರ್ ಎಂಬ ಕಾಗದದ ತಿರುಳಿನ ಕಾರ್ಖಾನೆ 2006ರಲ್ಲಿ ಮುಚ್ಚಿತು. ಅದೇ ಕಾಲಕ್ಕೆ, 2010ರ ಚಳಿಗಾಲದ ಒಲಿಂಪಿಕ್ಸ್‌ಗಾಗಿ ವ್ಯಾಂಕೂವರ್ ಮತ್ತು ಪ್ರವಾಸಿ ಪಟ್ಟಣವಾದ ವಿಸ್ಲರ್ ನಡುವಿನ ಹೆದ್ದಾರಿಯನ್ನು ಅಗಲಗೊಳಿಸಲಾಗಿ, ಮೊದಲು ಅಪಾಯದ ತಿರುವುಗಳಿಂದ ಕೂಡಿದ್ದ ದಾರಿಯಲ್ಲಿ ಸ್ಕ್ವಾಮಿಶ್ ಮಹಾನಗರದವರಿಗೆ ಸುಮಾರು ಒಂದು ಗಂಟೆಯ ಸುಲಭ ಪಯಣವಾಯಿತು. ಉದ್ಯೋಗ ಕಳೆದುಕೊಂಡ ಊರಿನ ಮುಂದೆ ದಿನವೂ ಸಾವಿರಾರು ಕಾರುಗಳು ವಿಸ್ಲರ್‌ನ ಕಡೆಗೆ ನಿಲ್ಲದೆ ಹಾದುಹೋಗುವ ದೃಶ್ಯವನ್ನು ಗಮನಿಸದೆ, ಗೊಂಡೋಲಾವನ್ನು ಬೇಕೆಂದವರ ಮನಸ್ಸನ್ನು ಅರಿಯಲಾಗದು. ಅವರೆಲ್ಲ ಬೆಟ್ಟವನ್ನು ಮಾರಲು ಹೊರಟ ಲೋಭಿಗಳು ಎಂಬ ಚಿತ್ರಣ ಸತ್ಯಕ್ಕೆ ದೂರವಾದದ್ದು. ಆ ಕಾರುಗಳಲ್ಲಿ ಕೆಲವಾದರೂ ತಮ್ಮ ಊರಿನಲ್ಲಿ ನಿಲ್ಲಲಿ ಎಂಬುದು ಅವರ ಆಸೆಯಾಗಿತ್ತು.

ಮೊದಲ ಪ್ರಸ್ತಾಪ ಬಂದದ್ದು 2004ರಲ್ಲಿ. ಅದರ ಪ್ರಕಾರ ಗೊಂಡೋಲಾ ನೇರವಾಗಿ ಚೀಫ್ ಬೆಟ್ಟದ ಮೇಲಕ್ಕೇ ಹೋಗಬೇಕಾಗಿತ್ತು. ಶಿಲಾರೋಹಿಗಳು, ಚಾರಣಿಗರು, ಪರಿಸರದ ಕಾಳಜಿಯುಳ್ಳ ನಿವಾಸಿಗಳು ಒಟ್ಟಾಗಿ ಇದನ್ನು ಬಲವಾಗಿ ವಿರೋಧಿಸಿದರು, ಪ್ರಸ್ತಾಪ ಮುಂದೆ ಸಾಗಲಿಲ್ಲ. ವಿರೋಧದ ಕಾರಣಗಳನ್ನು ಒಂದೊಂದಾಗಿ ತೂಗಿದರೆ ಅವು ಒಂದೇ ತೂಕದವಲ್ಲ ಎಂಬುದು ಕಾಣುತ್ತದೆ. ಉದ್ಯಾನವೆಂದು ಕಾಯ್ದಿಟ್ಟ ನೆಲದ ಮಧ್ಯಭಾಗದಲ್ಲಿ ವಾಣಿಜ್ಯ ನಿರ್ಮಾಣ ಸಲ್ಲದು ಎಂಬುದು ಒಂದು ಕಾರಣ. ಡೇಗೆಗಳ ಗೂಡುಗಳಿಗೂ, ಬಂಡೆಯ ನೆತ್ತಿಯ ತೆಳುವಾದ ಮಣ್ಣು ಮತ್ತು ಹಾವಸೆಗೂ ಜನಸಂದಣಿಯಿಂದ ಆಗುವ ಹಾನಿ ಇನ್ನೊಂದು. ಗೋಡೆಯಲ್ಲಿ ಹಗ್ಗಕ್ಕೆ ಕಟ್ಟಿಕೊಂಡಿರುವವರ ಮೇಲೆ, ನೆತ್ತಿಯ ಅಂಚಿನಲ್ಲಿ ಅರಿಯದೆ ನಿಂತವರ ಕಾಲಿಗೆ ಸಿಕ್ಕಿದ ಒಂದು ಸಣ್ಣ ಕಲ್ಲು ಉರುಳಿದರೂ ಪ್ರಾಣಕ್ಕೆ ಸಂಚಕಾರ ಎಂಬುದು ಮೂರನೆಯದು. ಈ ಮೂರೂ ಗಟ್ಟಿಯಾದ ವಾದಗಳು. ಇವುಗಳ ಜೊತೆಗೆ, ಶ್ರಮಪಟ್ಟು ಏರಿದವರಿಗೆ ಮಾತ್ರ ಶಿಖರ ಸಲ್ಲಬೇಕು ಎಂಬ ಇನ್ನೊಂದು ಮಾತೂ ಗಟ್ಟಿಯಾಗಿಯೇ ಕೇಳಿಬಂತು, ಅದು ಮಾತ್ರ ಪರೀಕ್ಷೆಗೆ ನಿಲ್ಲುವುದಿಲ್ಲ.

ಏಕೆಂದರೆ ಶಿಲಾರೋಹಿಗಳೂ ಬಂಡೆಯನ್ನು ಮುಟ್ಟದೆ ಬಿಟ್ಟವರಲ್ಲ. ಮಳೆ ಹೆಚ್ಚಾದ ಆ ತೀರದಲ್ಲಿ ಬಂಡೆಯ ಸೀಳುಗಳೆಲ್ಲ ಹಾವಸೆ, ಜರೀಗಿಡ, ಮಣ್ಣಿನಿಂದ ತುಂಬಿರುತ್ತವೆ. ಹೊಸ ದಾರಿಯೊಂದನ್ನು ಹತ್ತುವಂತೆ ಮಾಡಲು ತಂತಿಯ ಬ್ರಷ್ಷಿನಿಂದ ಅವನ್ನು ತಿಕ್ಕಿ ತೆಗೆಯುವುದು ಸ್ಕ್ವಾಮಿಶ್‌ನಲ್ಲಿ ವಾಡಿಕೆ. ಬೋಲ್ಟುಗಳು ಬಂಡೆಯಲ್ಲಿವೆ, ಕಾಲುದಾರಿಯಲ್ಲಿ ಮರದ ಮೆಟ್ಟಿಲುಗಳಿವೆ, ಹೆದ್ದಾರಿಯೇ ಬೆಟ್ಟದ ಪಾದವನ್ನು ಸಿಡಿಸಿ ಮಾಡಿದ್ದು. ಆದ್ದರಿಂದ ಒಂದು ಕಡೆ ಮುಟ್ಟದ ಪ್ರಕೃತಿ, ಇನ್ನೊಂದು ಕಡೆ ಯಂತ್ರ ಎಂದು ಗೆರೆ ಎಳೆದು ವಾದಿಸಿದವರು ತಮ್ಮ ಪಕ್ಷವನ್ನೇ ದುರ್ಬಲಗೊಳಿಸಿಕೊಂಡರು. ಮೊಣಕಾಲು ನೋವಿನ ಹಿರಿಯರು, ಗಾಲಿಕುರ್ಚಿಯಲ್ಲಿ ಬದುಕುವವರು, ಎಳೆಯ ಮಕ್ಕಳನ್ನು ಹೊತ್ತ ತಾಯಂದಿರು ಕೊಲ್ಲಿಯನ್ನೂ ಹಿಮಶಿಖರಗಳನ್ನೂ ಎತ್ತರದಿಂದ ನೋಡಬಯಸುವುದು ಯಾವ ನೋಟದಿಂದಲೂ ಅಲ್ಪವಾದ ಬಯಕೆಯಲ್ಲ. ಆ ಬಯಕೆಯನ್ನು ಸೋಮಾರಿತನವೆಂದು ತಳ್ಳಿಹಾಕುವ ಪರಿಸರವಾದ ಜನರ ಬೆಂಬಲವನ್ನು ಕಳೆದುಕೊಳ್ಳುತ್ತದೆ, ಕಳೆದುಕೊಳ್ಳಲೂ ಬೇಕು.

ಎರಡನೆಯ ಪ್ರಸ್ತಾಪ 2011-12ರಲ್ಲಿ ರೂಪುಗೊಂಡಾಗ ಅದರ ಹಿಂದಿನವರು ಮೊದಲಿನ ಸೋಲಿನಿಂದ ಪಾಠ ಕಲಿತಿದ್ದರು. ಹೊಸ ಯೋಜನೆಯ ಗೊಂಡೋಲಾ ಚೀಫ್ ಬೆಟ್ಟವನ್ನು ಏರುವುದಿಲ್ಲ. ಚೀಫ್‌ನ ದಕ್ಷಿಣಕ್ಕೆ, ಅದಕ್ಕೂ 335 ಮೀಟರ್ ಎತ್ತರದ ಶ್ಯಾನನ್ ಜಲಪಾತಕ್ಕೂ ನಡುವೆ ಇರುವ ಹಳೆಯ ಜಲ್ಲಿಗಣಿಯ ಜಾಗದಲ್ಲಿ ಕೆಳಗಿನ ನಿಲ್ದಾಣ ಕಟ್ಟಿ, ಅಲ್ಲಿಂದ ಪಕ್ಕದ ಬೇರೊಂದು ಏಣಿನ ಮೇಲೆ 885 ಮೀಟರ್ ಎತ್ತರಕ್ಕೆ ಕೊಂಡೊಯ್ಯುತ್ತದೆ. ಮೊದಲೇ ಅಗೆದು ಹಾಳಾದ ನೆಲದಲ್ಲಿ ನಿಲ್ದಾಣವಿರುವುದು, ಚೀಫ್‌ನ ಶಿಖರಗಳು ಶಿಖರಗಳಾಗಿಯೇ ಉಳಿಯುವುದು, ವರ್ಷವಿಡೀ ನಡೆಯುವ ಉದ್ಯೋಗಗಳು ಊರಿಗೆ ಬರುವುದು, ಇವು ಯೋಜನೆಯ ಬಲಗಳು. ಸ್ಕ್ವಾಮಿಶ್ ಮೂಲನಿವಾಸಿಗಳ ಆಡಳಿತ ಸಂಸ್ಥೆಯಾದ ಸ್ಕ್ವಾಮಿಶ್ ನೇಷನ್ ಜೊತೆ ಮಾತುಕತೆ ನಡೆದು ಅದರ ಬೆಂಬಲ ದೊರೆಯಿತು. ಸಾರ್ವಜನಿಕ ಸಭೆಗಳಾದವು, ಪುರಸಭೆಯೂ ಪ್ರಾದೇಶಿಕ ಆಡಳಿತವೂ ಭೂಬಳಕೆಯ ಬದಲಾವಣೆಗೆ ಒಪ್ಪಿದವು. ಮೊದಲ ಸಲ ಒಂದಾಗಿದ್ದ ವಿರೋಧ ಈ ಸಲ ಒಡೆಯಿತು: ಶಿಲಾರೋಹಿಗಳಲ್ಲೇ ಹಲವರು, ತಮ್ಮ ಬಂಡೆಯನ್ನು ಬಿಟ್ಟಿದ್ದಾರಲ್ಲ, ಸಾಕು ಎಂದುಕೊಂಡರು; ಇನ್ನು ಕೆಲವರು ಹಿಂದೆ ಸರಿಯಲಿಲ್ಲ.

ಹಿಂದೆ ಸರಿಯದವರ ಮುಖ್ಯ ವಾದ ಈ ಇಡೀ ಚರ್ಚೆಯ ಅತ್ಯಂತ ಮಹತ್ವದ ಭಾಗವಾದ್ದರಿಂದ ಅಲ್ಲಿ ಸ್ವಲ್ಪ ನಿಲ್ಲಬೇಕು. ಗೊಂಡೋಲಾದ ಹಗ್ಗ ಚೀಫ್ ಬೆಟ್ಟವನ್ನು ಮುಟ್ಟದಿದ್ದರೂ ಚೀಫ್ ಉದ್ಯಾನದ ಒಂದು ಅಂಚನ್ನು ದಾಟಿ ಹೋಗಬೇಕಾಗಿತ್ತು. ಬ್ರಿಟಿಷ್ ಕೊಲಂಬಿಯಾದ ಕಾನೂನಿನಲ್ಲಿ ‘ಎ’ ವರ್ಗದ ಉದ್ಯಾನವೆಂದರೆ ಅತಿ ಹೆಚ್ಚಿನ ರಕ್ಷಣೆ ಪಡೆದ ನೆಲ. ಅಲ್ಲಿ ಇಂಥ ನಿರ್ಮಾಣಕ್ಕೆ ಅವಕಾಶವಿಲ್ಲ, ಅದರ ಗಡಿಯನ್ನು ಬದಲಿಸಲು ಶಾಸನಸಭೆಯೇ ಕಾಯ್ದೆ ತರಬೇಕು. ಹಾಗೆಯೇ 2012ರಲ್ಲಿ ಸುಮಾರು 2.4 ಹೆಕ್ಟೇರ್, ಎಂದರೆ ಸುಮಾರು ಆರು ಎಕರೆಯಷ್ಟು ಉದ್ದನೆಯ ಪಟ್ಟಿಯನ್ನು ಉದ್ಯಾನದಿಂದ ಹೊರತೆಗೆದು, ಗೊಂಡೋಲಾಕ್ಕೆ ಅನುಮತಿ ನೀಡಲು ಸಾಧ್ಯವಾಗುವ ಬೇರೊಂದು ಸಂರಕ್ಷಿತ ವರ್ಗಕ್ಕೆ ಸೇರಿಸಲಾಯಿತು. ಯೋಜನೆಯ ಪರವಾದವರು ನೆಲದ ಅಳತೆಯನ್ನು ತೋರಿಸಿ, ಇಷ್ಟು ಕಿರಿದಾದ ಪಟ್ಟಿಗೆ ಇಷ್ಟು ದೊಡ್ಡ ಗದ್ದಲವೇಕೆ ಎಂದು ಕೇಳಿದರು. ಅಳತೆಯ ದೃಷ್ಟಿಯಿಂದ ಅವರ ಮಾತು ಸರಿ. ಆ ಪಟ್ಟಿಯ ಕಾಡು ಅಪರೂಪದ್ದಲ್ಲ, ಅದರಲ್ಲಿ ನಿಲ್ಲುವ ಕಂಬಗಳೂ ಕೆಲವೇ.

ಆದರೆ ಉದ್ಯಾನದ ಗಡಿಗೆ ಬೆಲೆ ಬರುವುದು ಅದು ಸುತ್ತುವರಿದ ಎಕರೆಗಳಿಂದ ಮಾತ್ರ ಅಲ್ಲ. ಮುಂದೆ ಬರುವ ಅರ್ಜಿದಾರ ಎಷ್ಟೇ ಪ್ರಾಮಾಣಿಕನಾಗಿರಲಿ, ಎಷ್ಟೇ ಒಳ್ಳೆಯ ಯೋಜನೆ ತಂದಿರಲಿ, ಆ ಗೆರೆ ಸರಿಯುವುದಿಲ್ಲ ಎಂಬ ಭರವಸೆಯಿಂದ. ಗಡಿ ಗುರುತಿಸಿ ಹದಿನೈದು ವರ್ಷ ತುಂಬುವುದರೊಳಗೆ, ಒಂದು ಖಾಸಗಿ ಉದ್ಯಮದ ಅನುಕೂಲಕ್ಕಾಗಿ ಅದನ್ನು ತಿದ್ದಿದ್ದು ಸ್ಕ್ವಾಮಿಶ್ ಪ್ರಕರಣದ ಅತಿ ದುಬಾರಿ ಭಾಗವೆಂದು ಪರಿಗಣಿಸಬೇಕಾಗುತ್ತದೆ. ಕಂಬಗಳನ್ನು ಒಂದು ದಿನ ಕಿತ್ತುಹಾಕಬಹುದು, ಹಗ್ಗ ಸುತ್ತಿಡಬಹುದು, ನಿಲ್ದಾಣದ ಜಾಗದಲ್ಲಿ ಮತ್ತೆ ಫರ್ ಮರಗಳು ಬೆಳೆಯಬಹುದು. ಆದರೆ ಒಮ್ಮೆ ಸರಿದ ಗೆರೆಯನ್ನು ನೋಡಿದ ಮುಂದಿನ ಅರ್ಜಿದಾರನಿಗೆ, ಅದು ಸರಿಯಬಲ್ಲದು ಎಂಬ ತಿಳಿವಳಿಕೆಯನ್ನು ಮರೆಸಲು ಯಾವ ಕಾಯ್ದೆಯಿಂದಲೂ ಆಗದು. ಬೇರೊಂದು ಮಾರ್ಗದಲ್ಲಿ, ಹೆಚ್ಚಿನ ಖರ್ಚಿನಲ್ಲಾದರೂ ಉದ್ಯಾನವನ್ನು ತಪ್ಪಿಸಿ ಹಗ್ಗ ಎಳೆಯುವಂತಿದ್ದರೆ ಹಾಗೆ ಮಾಡಬೇಕಾಗಿತ್ತು, ಇಲ್ಲವಾದರೆ ಗೊಂಡೋಲಾವನ್ನೇ ಬಿಡಬೇಕಾಗಿತ್ತು ಎಂಬ ವಿರೋಧಿಗಳ ನಿಲುವು ಹಟದಂತೆ ಕಂಡರೂ ತತ್ತ್ವದಲ್ಲಿ ಸರಿಯಾದದ್ದೇ. 

2014ರ ಮೇ ತಿಂಗಳಲ್ಲಿ ಗೊಂಡೋಲಾ ಓಡತೊಡಗಿತು. ಹತ್ತು ನಿಮಿಷದಲ್ಲಿ ಮೇಲೆ ತಲುಪಿಸುವ ಈ ದಾರಿಯ ಕೊನೆಯಲ್ಲಿ ಉಪಾಹಾರ ಗೃಹ, ನೋಟದ ಕಟ್ಟೆಗಳು, ನೂರು ಮೀಟರ್ ಉದ್ದದ ತೂಗುಸೇತುವೆ ಇವೆ. ಅಲ್ಲಿ ನಿಂತವರು ಚೀಫ್ ಬೆಟ್ಟವನ್ನು ಕೆಳಗೆ ನೋಡುತ್ತಾರೆ. ಚರ್ಚೆಯ ಕಾಲದಲ್ಲಿ ಯಾರೂ ಅಷ್ಟಾಗಿ ಊಹಿಸದ ಒಂದು ಹೊಂದಾಣಿಕೆಯೂ ಬೆಳೆಯಿತು. ಕೆಳಗಿನಿಂದ ಮೇಲಿನ ನಿಲ್ದಾಣದವರೆಗೆ ಸುಮಾರು ಏಳೂವರೆ ಕಿಲೋಮೀಟರ್ ಕಾಲುದಾರಿ ನಿರ್ಮಾಣವಾಗಿ, ನಡೆದು ಹತ್ತಿದವರು ಕಡಿಮೆ ದರದ ಟಿಕೆಟ್ ಪಡೆದು ಗೊಂಡೋಲಾದಲ್ಲಿ ಇಳಿಯುವುದು ರೂಢಿಯಾಯಿತು. ವ್ಯಾಂಕೂವರ್ ಪಕ್ಕದ ಗ್ರೌಸ್ ಬೆಟ್ಟದಲ್ಲಿ ಇಂಥ ಪದ್ಧತಿ ಮೊದಲೇ ಇತ್ತು. ಹತ್ತುವಾಗಿನ ಬೆವರು ಮತ್ತು ಇಳಿಯುವಾಗಿನ ಮೊಣಕಾಲಿನ ನೋವು ಇವೆರಡರಲ್ಲಿ ಮೊದಲನೆಯದನ್ನು ಮಾತ್ರ ಜನರು ಪ್ರೀತಿಸುತ್ತಾರೆ ಎಂಬುದು ಇದರಿಂದ ಸಾಬೀತಾಯಿತು. ಆದರೆ ಗೊಂಡೋಲಾ ಬಂದರೆ ಚೀಫ್‌ನ ಮೇಲಿನ ಜನಭಾರ ಇಳಿಯುತ್ತದೆ ಎಂಬ ನಿರೀಕ್ಷೆ ಕೈಗೂಡಲಿಲ್ಲ. ಊರಿನ ಜನಸಂಖ್ಯೆ 2011ರಲ್ಲಿ ಸುಮಾರು 17 ಸಾವಿರ ಇದ್ದದ್ದು 2021ಕ್ಕೆ ಸುಮಾರು 24 ಸಾವಿರವಾಯಿತು, ಮನೆಗಳ ಬೆಲೆ ಏರಿತು, ವಾರಾಂತ್ಯದಲ್ಲಿ ಚೀಫ್‌ನ ಬುಡದ ವಾಹನ ನಿಲುಗಡೆ ತುಂಬಿ ಹರಿಯತೊಡಗಿತು. ಇದಕ್ಕೆಲ್ಲ ಗೊಂಡೋಲಾವೊಂದನ್ನೇ ಹೊಣೆ ಮಾಡುವುದು ಅನ್ಯಾಯವಾದೀತು. ಅಗಲವಾದ ಹೆದ್ದಾರಿ, ಮಹಾನಗರದ ದುಬಾರಿ ಬದುಕು, ಒಲಿಂಪಿಕ್ಸ್ ತಂದ ಪ್ರಚಾರ ಎಲ್ಲವೂ ಸೇರಿವೆ.

2019ರ ಆಗಸ್ಟ್ 10ರ ನಸುಕಿನಲ್ಲಿ ಯಾರೋ ಗೊಂಡೋಲಾದ ಮುಖ್ಯ ಹಗ್ಗವನ್ನು ಕತ್ತರಿಸಿದರು. ಮಣಿಕಟ್ಟಿನಷ್ಟು ದಪ್ಪದ ಆ ಉಕ್ಕಿನ ಹಗ್ಗ ಬಿಗಿತ ಕಳೆದುಕೊಂಡೊಡನೆ ಸುಮಾರು 30 ಕ್ಯಾಬಿನ್‌ಗಳು ಕಾಡಿನೊಳಕ್ಕೆ ಅಪ್ಪಳಿಸಿದವು. ಓಡಾಟದ ಹೊತ್ತಲ್ಲವಾದ್ದರಿಂದ ಯಾರಿಗೂ ಗಾಯವಾಗಲಿಲ್ಲ. ದುರಸ್ತಿಯಾಗಿ 2020ರ ಫೆಬ್ರುವರಿಯಲ್ಲಿ ಮತ್ತೆ ತೆರೆದ ಗೊಂಡೋಲಾದ ಹಗ್ಗವನ್ನು ಅದೇ ವರ್ಷದ ಸೆಪ್ಟೆಂಬರ್ 14ರಂದು ಎರಡನೆಯ ಸಲ ಕತ್ತರಿಸಲಾಯಿತು, ಅದು ಮರಳಿ ಓಡಲು 2021ರ ಜೂನ್‌ವರೆಗೆ ಕಾಯಬೇಕಾಯಿತು. ಈ ಕೃತ್ಯವನ್ನು ಹಿಂದಿನ ಚರ್ಚೆಗೆ ಗಂಟುಹಾಕಿ, ವಿರೋಧಿಸಿದವರೆಲ್ಲರನ್ನೂ ಸಂಶಯದ ಕಣ್ಣಿನಿಂದ ನೋಡುವುದು ಸುಲಭ, ಮತ್ತು ತಪ್ಪು. ತೆರೆದ ಸಭೆಯಲ್ಲಿ ಹೆಸರು ಹೇಳಿ ಎದ್ದುನಿಂತು ಬೇಡ ಎಂದವರು ಮಾಡಿದ್ದು ಪೌರನ ಕೆಲಸ. ಕತ್ತಲಲ್ಲಿ ಹಗ್ಗ ಕೊಯ್ದವರು ಮಾಡಿದ್ದು ಕೆಲಸಗಾರರ ಅನ್ನ ಕಿತ್ತುಕೊಳ್ಳುವ, ಪ್ರಾಣಕ್ಕೆ ಎರವಾಗಬಹುದಾಗಿದ್ದ ಅಪರಾಧ.

ಅನ್ನದ ಪ್ರಶ್ನೆ ಬೇರೆ ಬೆಟ್ಟಗಳಲ್ಲಿ ಇದಕ್ಕೆ ತಿರುಗುಮುರುಗಾಗಿ ಎದುರಾಗುತ್ತದೆ. ತಾಂಜಾನಿಯ ಸರ್ಕಾರ 2019ರಲ್ಲಿ ಕಿಲಿಮಂಜಾರೋ ಪರ್ವತಕ್ಕೆ ಕೇಬಲ್ ಕಾರ್ ತರುವ ಆಲೋಚನೆಯನ್ನು ಪ್ರಕಟಿಸಿದಾಗ ಅದನ್ನು ಮುಂದೆ ನಿಂತು ವಿರೋಧಿಸಿದವರು ಆರೋಹಿಗಳ ಸಾಮಾನು ಹೊತ್ತು ಬದುಕುವ ಹಮಾಲರು ಮತ್ತು ದಾರಿ ತೋರುವವರು. ಜಮ್ಮುವಿನ ಕಟ್ರಾದಲ್ಲಿ ವೈಷ್ಣೋದೇವಿ ಯಾತ್ರಾಮಾರ್ಗದ ರೋಪ್‌ವೇ ಯೋಜನೆಯ ವಿರುದ್ಧ 2024ರ ಕೊನೆಯಲ್ಲಿ ಅಂಗಡಿಯವರು, ಕುದುರೆಯವರು, ಪಲ್ಲಕ್ಕಿ ಹೊರುವವರು ಬೀದಿಗಿಳಿದರು. ಸ್ಕ್ವಾಮಿಶ್‌ನಲ್ಲಿ ಗೊಂಡೋಲಾ ಉದ್ಯೋಗ ಕೊಡುವ ವಸ್ತುವಾದರೆ ಇಲ್ಲೆಲ್ಲ ಅದು ಕಸಿದುಕೊಳ್ಳುವ ವಸ್ತು. ಆದ್ದರಿಂದ ಒಂದು ಊರಿನ ಉತ್ತರವನ್ನು ಇನ್ನೊಂದು ಊರಿಗೆ ನಕಲು ಮಾಡುವಂತಿಲ್ಲ.

ಕರ್ನಾಟಕಕ್ಕೆ ಈ ಚರ್ಚೆ ಹೊರಗಿನದಲ್ಲ. ಮೈಸೂರಿನ ಚಾಮುಂಡಿಬೆಟ್ಟಕ್ಕೆ ರೋಪ್‌ವೇ ಕಟ್ಟುವುದಾಗಿ 2022ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದಾಗ, ಸಾವಿರ ಮೆಟ್ಟಿಲುಗಳ ದಾರಿಯೂ ವಾಹನದ ರಸ್ತೆಯೂ ಈಗಾಗಲೇ ಇರುವ ಬೆಟ್ಟಕ್ಕೆ ಮೂರನೆಯದರ ಅಗತ್ಯವೇನು ಎಂದು ಮೈಸೂರಿನ ನಾಗರಿಕರು ಪ್ರಶ್ನಿಸಿದರು. ಹಿಂದಿನ ವರ್ಷದ ಮಳೆಯಲ್ಲಿ ನಂದಿ ವಿಗ್ರಹದ ಕಡೆಯ ರಸ್ತೆ ಕುಸಿದದ್ದು ಎಲ್ಲರ ಕಣ್ಣಮುಂದೆ ಇತ್ತು. ವಿರೋಧ ಬಲವಾದ ಮೇಲೆ ಅದೇ ವರ್ಷ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಮೈಸೂರಿನವರ ವಾದದಲ್ಲಿ ಸ್ಕ್ವಾಮಿಶ್‌ನ 2004ರ ವಾದಕ್ಕಿಂತ ಹೆಚ್ಚಿನ ಹದವಿತ್ತು ಎನ್ನಬೇಕು: ಹಿರಿಯರಿಗೂ ಅಶಕ್ತರಿಗೂ ಬಸ್ಸು ದೇವಸ್ಥಾನದ ಸಮೀಪದವರೆಗೂ ಹೋಗುತ್ತಿದ್ದುದರಿಂದ, ಅವರ ಹೆಸರಿನಲ್ಲಿ ರೋಪ್‌ವೇ ಕೇಳುವುದಕ್ಕೆ ಆಧಾರವೇ ಇರಲಿಲ್ಲ. ರಾಮನಗರದ ರಾಮದೇವರ ಬೆಟ್ಟದಲ್ಲಿ, ಅದೂ ಶಿಲಾರೋಹಿಗಳಿಗೆ ಪ್ರಿಯವಾದ ಬಂಡೆಗಳ ನಾಡು, 2012ರಲ್ಲಿ ರಣಹದ್ದುಗಳ ರಕ್ಷಣೆಗೆಂದು ಧಾಮ ಘೋಷಿಸಿ ಗೂಡುಗಳಿರುವ ಕಡಿದಾದ ಬಂಡೆಗಳಿಂದ ಜನರನ್ನು ದೂರವಿಟ್ಟದ್ದು ಚೀಫ್‌ನ ಡೇಗೆಗಳಿಗೆ ತೋರಿದ ಗೌರವಕ್ಕಿಂತ ಒಂದು ಹೆಜ್ಜೆ ಮುಂದಿನದು.

ನಂದಿಬೆಟ್ಟದ ವಿಷಯ ಬೇರೆ. 1,478 ಮೀಟರ್ ಎತ್ತರದ ಈ ಬೆಟ್ಟ ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿರುವುದರಿಂದ, ವ್ಯಾಂಕೂವರ್‌ಗೆ ಸ್ಕ್ವಾಮಿಶ್ ಹೇಗೋ ಬೆಂಗಳೂರಿಗೆ ಇದು ಹಾಗೆಯೇ ವಾರಾಂತ್ಯದ ಹತ್ತಿರದ ಎತ್ತರವಾಗಿದೆ. ಸುಮಾರು 2.9 ಕಿಲೋಮೀಟರ್ ಉದ್ದದ ರೋಪ್‌ವೇಗೆ 2023ರ ಮಾರ್ಚ್‌ನಲ್ಲಿ ಅಡಿಗಲ್ಲು ಹಾಕಲಾಗಿದೆ. ಬೆಳಗಿನ ಮಂಜು ನೋಡಲು ಬರುವ ವಾಹನಗಳ ಸಾಲು ಕಿರಿದಾದ ಘಾಟಿ ರಸ್ತೆಯನ್ನು ಕಟ್ಟಿಹಾಕುವುದನ್ನು ತೋರಿಸಿ, ರೋಪ್‌ವೇ ಬಂದರೆ ಆ ಸಾಲು ಕರಗುತ್ತದೆ ಎಂದು ಬೆಂಬಲಿಗರು ಹೇಳುತ್ತಾರೆ. ಈ ನಿರೀಕ್ಷೆಯಲ್ಲಿ ತಪ್ಪಿಲ್ಲ, ಆದರೆ ಸ್ಕ್ವಾಮಿಶ್‌ನ ಅನುಭವ ಅದಕ್ಕೆ ತಾನಾಗಿ ಕೈಗೂಡುವ ಗುಣವಿಲ್ಲ ಎಂಬುದನ್ನು ತೋರಿಸಿದೆ. ಹೊಸ ದಾರಿ ಹಳೆಯ ದಾರಿಯ ಜನರನ್ನು ಹೀರಿಕೊಳ್ಳುವ ಬದಲು ಹೊಸ ಜನರನ್ನು ಕರೆತರುವುದೇ ಹೆಚ್ಚು.

ಕಾಲುದಾರಿಯಲ್ಲಿ ಬರುವವರ ಸಂಖ್ಯೆಯನ್ನು ಅವರ ಉಸಿರೇ ಮಿತಿಗೊಳಿಸುತ್ತದೆ, ರಸ್ತೆಯಲ್ಲಿ ಬರುವವರನ್ನು ವಾಹನ ನಿಲುಗಡೆಯ ಜಾಗ ಮಿತಿಗೊಳಿಸುತ್ತದೆ. ಗೊಂಡೋಲಾದಲ್ಲಿ ಬರುವವರ ಸಂಖ್ಯೆ ನಿರ್ಧಾರವಾಗುವುದು ವಿನ್ಯಾಸಕಾರನ ಮೇಜಿನ ಮೇಲೆ, ಗಂಟೆಗೆ ಇಷ್ಟು ಜನ ಎಂಬ ಒಂದು ಅಂಕಿಯಲ್ಲಿ. ಹಗ್ಗದ ದಪ್ಪ, ಮೋಟಾರಿನ ಶಕ್ತಿ, ಕ್ಯಾಬಿನ್‌ಗಳ ಸಂಖ್ಯೆ, ಹೂಡಿದ ಸಾಲ, ಟಿಕೆಟ್ಟಿನ ದರ ಎಲ್ಲವೂ ಆ ಅಂಕಿಗೆ ಹೊಂದಿಕೊಂಡು ಬರುವುದರಿಂದ, ಕಟ್ಟಿ ಮುಗಿದ ಮೇಲೆ ಅದನ್ನು ತಗ್ಗಿಸುವ ಹಿತಾಸಕ್ತಿ ಯಾರಿಗೂ ಉಳಿಯುವುದಿಲ್ಲ. ಖಾಸಗಿ ಸಹಭಾಗಿತ್ವದ ಯೋಜನೆಗಳಲ್ಲಂತೂ ಕ್ಯಾಬಿನ್ ಖಾಲಿ ಓಡಿದರೆ ಅದು ನಷ್ಟವೆಂದೇ ಲೆಕ್ಕ. ಹೀಗಾಗಿ ನಂದಿಯಲ್ಲಿ ಗಂಟೆಗೆ ಎಷ್ಟು ಜನ ಮೇಲೆ ಹೋಗಬಹುದು ಎಂಬುದನ್ನು ನೆತ್ತಿಯಲ್ಲಿ ದೊರೆಯುವ ನೀರು, ಕೆಳಗೆ ಸಾಗಿಸಬಹುದಾದ ಕಸ, ಕೋಟೆಯ ಹಳೆಯ ಗೋಡೆಗಳ ಮತ್ತು ನೆತ್ತಿಯ ಕಾಡಿನ ಸಹನೆ ಇವುಗಳಿಂದ ಲೆಕ್ಕಹಾಕಿ, ಆ ಅಂಕಿಯನ್ನು ತಪ್ಪಲಿನ ಗ್ರಾಮ ಪಂಚಾಯಿತಿಗಳ ಸಭೆಗಳ ಮುಂದಿಟ್ಟು ಚರ್ಚಿಸಿ, ಒಪ್ಪಂದದ ಷರತ್ತಾಗಿ ಬರೆಯಬೇಕಾಗಿದೆ. ಅದರ ಜೊತೆಗೆ, ರೋಪ್‌ವೇ ಓಡುವ ದಿನಗಳಲ್ಲಿ ಖಾಸಗಿ ಕಾರುಗಳು ಘಾಟಿ ರಸ್ತೆ ಹತ್ತುವುದನ್ನು ನಿಲ್ಲಿಸಿ, ಬೆಟ್ಟದ ಮೇಲಿನ ನಿವಾಸಿಗಳ, ಕೆಲಸಗಾರರ, ತುರ್ತುಸೇವೆಯ ವಾಹನಗಳಿಗೆ ಮತ್ತು ಸರ್ಕಾರಿ ಬಸ್ಸಿಗೆ ಮಾತ್ರ ಅವಕಾಶ ಕೊಡುವ ಆದೇಶವೂ ಮೊದಲ ಕ್ಯಾಬಿನ್ ಓಡುವ ಮುನ್ನವೇ ಹೊರಬರಬೇಕಾಗಿದೆ.